ಹೆಣದ ಹೇಳಿಕೆ

“ಏಳಲೇ ಮುಬಾಂಗಾ, ಸೋಮಾರಿ ಸೂಳೆಮಗನೆ. ನಾವು ಗುಂಡಿ ತೋಡೋದು ಬೇಡಾಂತ ನೀನೇ ಹೋಗಿ ಗುಂಡಿಗೆ ಬಿದ್ಯೇನೋ?”

ಸತ್ತ ಮುಬಾಂಗಾನ ಪ್ಯಾಂಟು ತೊಟ್ಟು, ಅವನ ಹಾಗೆಯೇ ಕುಂಟುತ್ತ ಅಂಗಳ ಸುತ್ತುತ್ತಿದ್ದಳು ಮುದುಕಿ ತಿಸೌಕೆ. ನೆಲದ ಮೇಲೆ ಕೂತು ಅಳುತ್ತಿದ್ದ ಹೆಂಗಸರು ಮೂಗು ಒರೆಸಿಕೊಂಡು ನಕ್ಕರು. ಅವಳು ಅಂಗೋನಿ ಕುಲ, ಮುಬಾಂಗಾ ಬೆಂಬಾ ಕುಲ. ಅಜ್ಜಂದಿರ ಕಾಲದಲ್ಲಿ ಒಬ್ಬರ ಕತ್ತು ಒಬ್ಬರು ಕೊಯ್ದುಕೊಂಡ ಈ ಎರಡು ಕುಲಗಳಿಗೆ ಈಗ ಉಳಿದಿರುವುದು ಇದೊಂದೇ ಹಕ್ಕು: ಒಬ್ಬರ ಸಾವಿನ ಮನೆಯಲ್ಲಿ ಇನ್ನೊಬ್ಬರು ಬಾಯಿಗೆ ಬಂದಂತೆ ಬೈಯಬಹುದು. ಸಿಟ್ಟಾದವನು ಮಾನಗೆಟ್ಟವನು. ಮುಬಾಂಗಾ ಎಷ್ಟೋ ಸಲ ಅವಳ ಸೌದೆ ಹೊರೆ ಹೊತ್ತು ತಂದವನು. ಅದಕ್ಕೇ ಇನ್ನೂ ಜೋರಾಗಿ ಬೈದಳು.

ಅಷ್ಟರಲ್ಲಿ ತಾಮ್ರದ ಗಣಿಯ ಚೀನೀ ಕಂಪನಿಯ ಗಾಡಿ ಬಂತು. ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು, ಕ್ಯಾಮರಾ ಮಾತ್ರ ಮೊದಲೇ ಬಂದಿತ್ತು. ಜೊತೆಗೆ ಖಾಲಿ ಶವಪೆಟ್ಟಿಗೆ. ಮುಚ್ಚಳದ ತುಂಬ ಬಂಗಾರದ ಬಣ್ಣದಲ್ಲಿ ಕಂಪನಿಯ ಹೆಸರು; ಸತ್ತವನ ಹೆಸರು ಹುಡುಕಿದರೂ ಇಲ್ಲ. ಮ್ಯಾನೇಜರ್ ಲುವೊ ಸಾಹೇಬರು ಮುಖಕ್ಕೆ ಅಳತೆಮಾಡಿ ದುಃಖ ಹಚ್ಚಿಕೊಂಡು ಇಳಿದರು. ಅವರ ಮಾತು ಜನಕ್ಕೆ, ಜನರ ಮಾತು ಅವರಿಗೆ ದಾಟಿಸುವವನು ಸಿಮ್ಫುಕ್ವೆ. ಇದೇ ಕಾಲೊನಿಯಲ್ಲಿ ಮೂಗು ಸುರಿಸಿಕೊಂಡು ಬೆಳೆದವನಿಗೆ ಈಗ ಟೈ ಇತ್ತು. ಕಂಪನಿ ಈ ಜನರ ಗೆಳೆಯ ಎಂದು ಟೀವಿಯಲ್ಲಿ ತೋರಿಸಬೇಕಂತೆ. ಅವನು ವಿಧವೆ ಚಿಲೆಶೆಯ ಕೈ ಹಿಡಿದು ಪೆಟ್ಟಿಗೆಯ ಮೇಲಿಟ್ಟ.

“ಸೇಫ್ಟಿ ಬೆಲ್ಟ್ ಹಾಕ್ಕೊಳ್ದೆ ಗಣಿಗೆ ಇಳಿದು ಬಿದ್ದ ಅನ್ನು ತಂಗಿ, ಅಷ್ಟೇ. ಇಲ್ಲಾಂದ್ರೆ ಪೆಟ್ಗೆ ವಾಪಸ್ ಹೋಗುತ್ತೆ.”

ಚಿಲೆಶೆ ಕ್ಯಾಮರಾದತ್ತ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ತಿಸೌಕೆ ಮುಚ್ಚಳ ಸರಿಸಿ, ಪ್ಯಾಂಟು ಎತ್ತಿ ಹಿಡಿದು, ಪೆಟ್ಟಿಗೆಯೊಳಗೆ ಕಾಲಿಟ್ಟು ಅಂಗಾತ ಮಲಗಿದಳು.

“ಕ್ಯಾಮರಾ ಇತ್ಲಾಗ್ ತಿರುಗ್ಸೋ. ಬಿದ್ದೋನು ನಾನು, ನಾನೇ ಹೇಳ್ತೀನಿ. ಬೆಲ್ಟ್ ಹಾಕಿದ್ರು ಕಣಪ್ಪಾ, ನಿಮ್ ಫೋಟೋಕೆ. ಫೋಟೋ ಆದ್ಮೇಲೆ ಸೊಂಟದಿಂದ ಬಿಚ್ಕೊಂಡೋದ್ರು. ಚಡ್ಡಿ ಬಿಟ್ರಲ್ಲ, ಅದೇ ನನ್ ಪುಣ್ಯ.”

ಗಣಿಯ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಸೊಂಟದಿಂದಲೂ ಬಿಚ್ಚಿಕೊಂಡು ಹೋಗಿದ್ದರು.

“ಏಳೇ ಮೇಲೆ, ಮುದಿ ಲೌಡಿ,” ಎಂದ ಸಿಮ್ಫುಕ್ವೆ.

ನಗು ನಿಂತಿತು. ಸಾವಿನ ಮನೆಯಲ್ಲಿ ಸಿಟ್ಟಾದವನನ್ನು ಎಲ್ಲರೂ ದಿಟ್ಟಿಸಿ ನೋಡಿದರು. ಮುದುಕಿ ಏನಂದಳೆಂದು ಲುವೊ ಸಾಹೇಬರು ಕೇಳಿರಬೇಕು, ಆಶೀರ್ವಾದ ಮಾಡಿದಳೆಂದು ಸಿಮ್ಫುಕ್ವೆ ಹೇಳಿರಬೇಕು. ಸಾಹೇಬರು ಪೆಟ್ಟಿಗೆಯೊಳಗಿನ ತಿಸೌಕೆಗೆ ತಲೆಬಾಗಿ ವಂದಿಸಿದರು.

ಚಿಲೆಶೆ ಎದ್ದು ನಿಂತಳು. “ಇಳೀಬೇಡ ಅಜ್ಜಿ. ನನ್ ಗಂಡನ್ನ ಚಾಪೇಲಿ ಸುತ್ತಿ ಮಣ್ಮಾಡ್ತೀನಿ. ಕಂಪನಿ ಪೆಟ್ಗೆ ಕಂಪನಿಗೇ ಮುಟ್ಸಿ.”

ನಾಳೆ ಕೆಲಸ ಇರುತ್ತದೋ ಇಲ್ಲವೋ, ಗಂಡಸರು ಮುದುಕಿಯ ಸಮೇತ ಪೆಟ್ಟಿಗೆಗೆ ಹೆಗಲು ಕೊಟ್ಟರು. ಹೆಂಗಸರು ಎದೆ ಬಡಿದುಕೊಳ್ಳುತ್ತ ಹಿಂದೆ ನಡೆದರು. ಕ್ಯಾಮರಾದವನು ನಿಲ್ಲಿಸಬೇಕೋ ಬೇಡವೋ ತಿಳಿಯದೆ ಚಿತ್ರ ತೆಗೆಯುತ್ತಲೇ ಓಡಿದ.

ಗಣಿಯ ಗೇಟಿಗೆ ಅಡ್ಡಲಾಗಿ ಪೆಟ್ಟಿಗೆ ಇಳಿಸಿದರು. ಕಾವಲುಗಾರ ಟೋಪಿ ತೆಗೆದು ತಲೆ ತಗ್ಗಿಸಿದ. ಹೆಣ ಎದ್ದು ಕೂತಿತು.

“ಬಾಗ್ಲು ತೆಗಿಯೋ,” ಎಂದಿತು, “ನನ್ ಬೆಲ್ಟ್ ಇಸ್ಕೊಂಡ್ ಹೋಗಕ್ ಬಂದಿದೀನಿ.”