ಗ್ರೌಕಾರ್ ಇಳಿಜಾರಿನ ಜಗಳ

ಆ ಫೆಬ್ರವರಿ ಬೆಳಿಗ್ಗೆ ನಾನು ಗ್ರೌಕಾರ್ ಬೆಟ್ಟದ ನೆತ್ತಿಯಲ್ಲಿ ಸೊಂಟದಾಳದ ಗುಂಡಿ ತೋಡಿ ಹಿಮದ ಪದರಗಳನ್ನು ನೋಡುತ್ತಿದ್ದೆ. ನಮ್ಮ ಕಣಿವೆಗೆ ಹಿಮಕುಸಿತದ ಎಚ್ಚರಿಕೆ ಕೊಡುವ ಸಮಿತಿಗೆ ಹನ್ನೊಂದು ಚಳಿಗಾಲದಿಂದ ನಾನೇ ಅಳತೆ ಒಪ್ಪಿಸುವವಳು. ಮೇಲೆ ಗಾಳಿ ಬಡಿದು ಗಟ್ಟಿಯಾದ ಎರಡು ಗೇಣು ಹಿಮ. ಅದರ ಕೆಳಗೆ ಒಂದಕ್ಕೊಂದು ಅಂಟದ, ಸಕ್ಕರೆಯಂಥ ಹರಳು. ಕಂಬದಂತೆ ಕತ್ತರಿಸಿ ನಿಲ್ಲಿಸಿದ ಹಿಮದ ಮೇಲೆ ಸಲಿಕೆಯಿಟ್ಟು ಮೂರು ಸಲ ತಟ್ಟಿದ್ದಷ್ಟೇ, ಮೇಲಿನ ಚಪ್ಪಡಿ ಇಡಿಯಾಗಿ ಜಾರಿ ನನ್ನ ಮೊಣಕಾಲಿಗೆ ಬಡಿಯಿತು.

ಅಷ್ಟರಲ್ಲಿ ಅಣ್ಣ ಕಾಸಿಯನ್ ಹತ್ತಿ ಬಂದ. ಅವನು ಪರ್ವತ ಮಾರ್ಗದರ್ಶಿ. ಅವನ ಬೆನ್ನಹಿಂದೆ, ದುಡ್ಡು ಕೊಟ್ಟು ಬಂದ ಅತಿಥಿ, ಹ್ಯಾಂಬರ್ಗ್‌ನ ದಂತವೈದ್ಯ ಹೆನ್ನಿಂಗ್. ಇಬ್ಬರೂ ಉತ್ತರದ ಇಳಿಜಾರಿನಲ್ಲಿ ಸ್ಕೀ ಮಾಡುತ್ತ ಇಳಿಯುವವರಿದ್ದರು. ಬೇಡವೆಂದೆ, ಗುಂಡಿ ತೋರಿಸಿದೆ.

"ನಿನ್ನ ಸಕ್ಕರೆ ಪುರಾಣ ಕೇಳ್ತಾ ಕೂತ್ರೆ ಈಸ್ಟರ್ ಬಂದ್ಬಿಡುತ್ತೆ ಕಣೇ ಬುರ್ಗಲ್. ಇಪ್ಪತ್ತು ವರ್ಷದಿಂದ ಇಳೀತಿದೀನಿ ಇಲ್ಲಿ."

"ಇಪ್ಪತ್ತು ವರ್ಷ ಈ ಇಳಿಜಾರು ನಿನ್ನನ್ನ ಸುಮ್ನೆ ಬಿಟ್ಟಿದೆ ಅಷ್ಟೇ, ಅಣ್ಣ."

ಅತಿಥಿಯ ಮುಂದೆ ಆಡಿದ ಆ ಮಾತು ಅವನಿಗೆ ತಾಗಿತು. ಅಡ್ಡ ನಿಂತ ನನ್ನನ್ನು ಎದೆಗೆ ಕೈಯಿಟ್ಟು ತಳ್ಳಿದ. ನಾನು ಬಿದ್ದೆದ್ದು ಅವನ ಚೀಲದ ಪಟ್ಟಿ ಹಿಡಿದು ಜಗ್ಗಿದೆ. ಅವನ ಮೊಣಕೈ ಬಾಯಿಗೆ ಬಡಿದು ನನ್ನ ತುಟಿ ಒಡೆಯಿತು, ಹಲ್ಲೊಂದು ಅಲುಗಿತು. ನಾನು ರಕ್ತ ಉಗಿದು, ಸಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದೆ. ಒಣ ಪುರಳೆ ಮುರಿದಂಥ ಸದ್ದು. ಕಾಸಿಯನ್ ಬಲಗೈ ಅವುಚಿಕೊಂಡು ಮಂಡಿಯೂರಿದ. ಗೆದ್ದೆ ಅನ್ನಿಸಿತು ನನಗೆ, ಅದನ್ನು ಮುಚ್ಚಿಡುವುದಿಲ್ಲ.

ನಾವಿಬ್ಬರೂ ಹೆನ್ನಿಂಗ್‌ನನ್ನು ಮರೆತಿದ್ದೆವು. ಅವನು ನಮ್ಮಿಂದ ದೂರವಾಗಲು ಹಿಂದೆ ಹಿಂದೆ ಸರಿಯುತ್ತ ಇಳಿಜಾರಿನ ಅಂಚು ದಾಟಿದ್ದ. ನಿಲ್ಲು ಎಂದು ಕೂಗುವ ಮೊದಲೇ ಕಾಲಡಿಯ ಹಿಮ ಧಸಕ್ಕೆಂದು ಕುಸಿಯಿತು. ಬಿರುಕೊಂದು ಅಂಚಿನುದ್ದಕ್ಕೂ ಓಡಿತು. ಇಳಿಜಾರು ಚೂರುಚೂರಾಗಿ ಒಡೆದು, ಗುಡುಗುತ್ತ, ಕೆಳಗಿನ ಬಂಡೆಗಳ ಮೇಲೆ ಅವನನ್ನು ಅಪ್ಪಳಿಸಿ, ಆಮೇಲೆ ನುಂಗಿತು.

ಉಳಿದ ಗಟ್ಟಿ ನೆಲದ ಮೇಲೆ ಜಾರುತ್ತ ಇಬ್ಬರೂ ಇಳಿದೆವು. ಹಿಮದಡಿ ಹೂತವರನ್ನು ಹುಡುಕಲೆಂದು ಎಲ್ಲರೂ ಕಟ್ಟಿಕೊಳ್ಳುವ ಸಂಕೇತಯಂತ್ರ ನನ್ನ ಎದೆಯ ಮೇಲಿತ್ತು; ಅದು ಹೆನ್ನಿಂಗ್‌ನ ಯಂತ್ರದ ಸದ್ದು ಹಿಡಿಯಿತು. ಚುಚ್ಚಿದ ಉದ್ದನೆಯ ಸರಳಿಗೆ ಒಂದೂವರೆ ಮೀಟರ್ ಆಳದಲ್ಲಿ ಏನೋ ಮೆತ್ತಗೆ ತಾಕಿತು. ಕುಸಿದ ಹಿಮ ಆಗಲೇ ಗಾರೆಯಂತೆ ಬಿಗಿದಿತ್ತು. ಕಾಸಿಯನ್ ಎಡಗೈಯಲ್ಲಿ ಅಗೆದ. ಸಾಲದಾದಾಗ ಮುರಿದ ಕೈಯನ್ನೂ ಸಲಿಕೆಗೆ ಕೊಟ್ಟ. ಪ್ರತಿ ಸಲ ಎತ್ತುವಾಗಲೂ ಗೂಳಿಯಂತೆ ಅರಚುತ್ತಿದ್ದ, ಆದರೆ ನಿಲ್ಲಿಸಲಿಲ್ಲ.

ಹೆನ್ನಿಂಗ್‌ನ ಮುಖ ಸಿಕ್ಕಿದಾಗ ನೀಲಿಯಾಗಿತ್ತು. ಬಾಯಿಗೆ ಬೆರಳು ಹಾಕಿ ಹಿಮ ಗೋರಿ ತೆಗೆದು ಉಸಿರು ಊದಿದೆ. ಐದನೆಯದೋ ಆರನೆಯದೋ ಊದಿಗೆ ಅವನು ನನ್ನ ಮೇಲೇ ವಾಂತಿ ಮಾಡಿ ಉಸಿರೆಳೆದುಕೊಂಡ. ತೊಡೆಯ ಮೂಳೆ ಪ್ಯಾಂಟು ಹರಿದು ಹೊರಬಂದಿತ್ತು. ಹೆಲಿಕಾಪ್ಟರ್ ಬರುವವರೆಗೂ ರಕ್ತ ತಡೆಯಲು ಅಲ್ಲಿ ನನ್ನ ಮುಷ್ಟಿ ಒತ್ತಿ ಹಿಡಿದಿದ್ದೆ.

ವಿಚಾರಣೆಯಲ್ಲಿ ಕೈ ಹೇಗೆ ಮುರಿಯಿತೆಂದು ಕೇಳಿದಾಗ ಕಾಸಿಯನ್ ಬಿದ್ದೆ ಅನ್ನಲಿಲ್ಲ. ತಂಗಿ ಹೊಡೆದಳು, ಹೊಡೆಯದಿದ್ದರೆ ನಾನೂ ಅತಿಥಿಯೂ ಅಲ್ಲೇ ಇಳಿದು ಸತ್ತಿರುತ್ತಿದ್ದೆವು ಎಂದ. ನಾನೂ ಮುಚ್ಚಿಡಲಿಲ್ಲ. ಹೆನ್ನಿಂಗ್ ಹಿಂದೆ ಸರಿದದ್ದು ನಮಗೆ ಹೆದರಿ, ಅದರಲ್ಲೂ ನನ್ನ ಸಲಿಕೆಗೆ ಹೆದರಿ ಎಂದು ಬರೆಸಿದೆ.

ಇನ್ಸ್‌ಬ್ರುಕ್ ಆಸ್ಪತ್ರೆಗೆ ನಾನೊಬ್ಬಳೇ ಹೋದೆ. ಹೆನ್ನಿಂಗ್ ಚಾವಣಿ ನೋಡುತ್ತ ಮಲಗಿದ್ದ.

"ನಿಮ್ಮಿಬ್ಬರಿಗಿಂತ ಆ ಗುಡ್ಡವೇ ವಾಸಿ ಅನ್ನಿಸ್ತು ಆಗ," ಅಂದ. "ನೀವು ಒಂದು ಮಾತು ನನಗೆ ಹೇಳಿದ್ರೆ ಸಾಕಿತ್ತು ಕಣ್ರೀ. ನಾನೇ ವಾಪಸ್ ಹೋಗ್ತಿದ್ದೆ."

ಆ ಬೆಳಿಗ್ಗೆ ನಾನು ಆಡಿದ್ದೆಲ್ಲ ಅಣ್ಣನ ಜೊತೆಗೇ. ಹಿಮದಡಿ ಸಿಗುವವರೆಗೆ ಹೆನ್ನಿಂಗ್‌ನ ಮುಖವನ್ನು ನಾನು ಸರಿಯಾಗಿ ನೋಡಿರಲೂ ಇಲ್ಲ.