ಬರಿಗಾಲು ಮೇಸ್ತ್ರಿಯ ಎಡಬಲ

ಬ್ರೇಕಿನ ಪೆಡಲ್ ಮೇಲೆ ಕಾಲಿಡುವ ಮುನ್ನ ಬಲಗಾಲಿನ ಚಪ್ಪಲಿಯನ್ನು ಕಳಚಿ ಸೀಟಿನ ಕೆಳಗೆ ತಳ್ಳುವವರನ್ನು ನಾನು ನೋಡಿದ್ದು ಒಬ್ಬರನ್ನೇ. ನಮ್ಮ ಬೀದಿಯ ಕೊನೆಯ ಗ್ಯಾರೇಜು ಅವರದು; ಊರಿಗೆಲ್ಲ ಅವರು ಬರಿಗಾಲು ಮೇಸ್ತ್ರಿ. "ಅಂಗಾಲಿಗೆ ಸುಳ್ಳು ಹೇಳೋಕಾಗಲ್ಲ ಸ್ವಾಮಿ" ಎಂಬುದು ಅವರ ಸಮರ್ಥನೆ. ಮೂಲ ಬಣ್ಣವನ್ನು ಗ್ರೀಸಿಗೆ ಎಂದೋ ದಾನ ಮಾಡಿದ ಉದ್ದ ಕೋಟು. ಅದರ ಎದೆಜೇಬಿನಲ್ಲಿ ರಿಪೇರಿಗೆ ಬಂದ ವಾಹನದ ಕೀಲಿ. ತಮಗೆ ತೃಪ್ತಿಯಾಗುವ ತನಕ ಬ್ರಹ್ಮ ಬಂದು ಕೇಳಿದರೂ ಅದು ಹೊರಬರುವುದಿಲ್ಲ. ನಲವತ್ತು ವರ್ಷ ವಾಹನಗಳ ಕೆಳಗೆ ಅಂಗಾತ ಮಲಗಿದ ದೇಹ, ನಡೆಯುವಾಗಲೂ ತುಸು ಹಿಂದಕ್ಕೆ ವಾಲುತ್ತದೆ.

ಅವರ ತಂಗಿ ಲಾರಿ ಓಡಿಸುತ್ತಾರೆ. ಕಲ್ಲುಚಪ್ಪಡಿ ಹೇರಿಕೊಂಡು ಗುಡ್ಡ ಇಳಿಯುವಾಗ ಹಿಂದಿನ ಡ್ರಮ್ ಬ್ರೇಕು ಕಾದು ಹಿಡಿತ ತಪ್ಪುತ್ತಿದ್ದುದರಿಂದ, ಮೇಸ್ತ್ರಿ ಕೈಯಾರೆ ಹಿಂಚಕ್ರಗಳಿಗೆ ಡಿಸ್ಕ್ ಬ್ರೇಕು ಕೂರಿಸಿದರು. ಕೂರಿಸಿದ ಮೇಲೆ ತುಳಿದರೆ ಪೆಡಲು ಹತ್ತಿಯ ದಿಂಬಿನಂತೆ ಕೆಳತನಕ ಇಳಿದುಹೋಯಿತು.

"ಅಣ್ಣಾ, ಎರಡು ಸಲ ತುಳಿದ್ರೆ ಹಿಡಿಯುತ್ತಲ್ಲ, ಕೀಲಿ ಕೊಡು. ಲೋಡು ಕಾಯ್ತಾ ಇದೆ" ಎಂದರು ತಂಗಿ.

"ಎರಡನೇ ಸಲ ತುಳಿಯೋಕೆ ರಸ್ತೆ ಉಳಿದಿರಬೇಕಲ್ಲಮ್ಮಾ" ಎಂದು ಅಣ್ಣ ಕೋಟಿನ ಗುಂಡಿ ಹಾಕಿಕೊಂಡರು.

ಬ್ರೇಕ್ ಆಯಿಲಿನಲ್ಲಿ ಗಾಳಿ ಸೇರಿದರೆ ಪೆಡಲು ಹೀಗೆ ಮೆತ್ತಗಾಗುತ್ತದೆ. ಮೂರು ದಿನ ಪೈಪುಗಳಿಂದ ಮತ್ತೆ ಮತ್ತೆ ಗಾಳಿ ತೆಗೆದರು, ಪೆಡಲಿನ ಮುಂದಿರುವ ಮಾಸ್ಟರ್ ಸಿಲಿಂಡರ್ ಬದಲಿಸಿದರು. ಕೊನೆಗೆ, ಕುಣಿಯಲಾರದವಳು ನೆಲ ಡೊಂಕು ಅಂದಂತೆ, ಸಾಮಾನು ಕೊಟ್ಟ ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದು ಬಂದರು. ಆಗ ನನಗೂ ಅವರ ಮೇಲೆ ಸಿಟ್ಟು ಬಂದದ್ದು ನಿಜ.

ನಾಲ್ಕನೆಯ ದಿನ ಬೆಳಗ್ಗೆ ನಾನು ಬೆಂಚಿನ ಮೇಲೆ ಕುಳಿತಿದ್ದಾಗ ಲಾರಿಯ ಕೆಳಗಿಂದ ನಗು ಕೇಳಿಸಿತು. ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರಿನಲ್ಲಿ ಗಾಳಿ ಬಿಡುವ ನಿಪ್ಪಲ್ ಮೇಲಿರಬೇಕು. ಇಲ್ಲಿ ಎರಡೂ ಕೆಳಗಿದ್ದವು. ಗಾಳಿ ಮೇಲೇರಿ ಮೂಲೆ ಹಿಡಿದು ಕುಳಿತಿರುವಾಗ ಕೆಳಗಿಂದ ಎಷ್ಟು ಆಯಿಲ್ ಬಸಿದರೇನು? ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ನಮ್ಮ ಮೇಸ್ತ್ರಿಯ ಎಡಬಲವೆಂದರೆ ಅಂಗಾತ ಮಲಗಿದವನ ಎಡಬಲ. ಹಿಂದಿನಿಂದ ತಲೆ ತೂರಿಸಿ ಮಲಗಿದಾಗ ಅವರ ಬಲಗೈ ಇರುವುದು ಲಾರಿಯ ಎಡಕ್ಕೆ. ಬಿಚ್ಚಿದ್ದನ್ನೇ ಮತ್ತೆ ಕೂರಿಸುವ ಕೆಲಸದಲ್ಲಿ ಇದರಿಂದ ಎಂದೂ ತೊಡಕಾಗಿರಲಿಲ್ಲ; ಹೊಸ ಪೆಟ್ಟಿಗೆಯ ಮೇಲೆ 'ಬಲ' ಎಂದು ಬರೆದವನು ಮಾತ್ರ ನಿಂತು ಬರೆದಿದ್ದ.

ಬೇರೆಯವರಾಗಿದ್ದರೆ ಸದ್ದಿಲ್ಲದೆ ಸರಿಪಡಿಸಿ ಮೀಸೆ ತಿರುವುತ್ತಿದ್ದರು. ಇವರು ಎಣ್ಣೆಗೈಯಲ್ಲೇ ಅಂಗಡಿಗೆ ನಡೆದು, ಗಿರಾಕಿಗಳೆದುರೇ "ತಪ್ಪು ನಂದು ಕಣಪ್ಪಾ, ಬೈದಿದ್ದೆಲ್ಲ ವಾಪಸ್ ತಗೊಂಡೆ" ಎಂದರು. ಬಂದು ಕ್ಯಾಲಿಪರುಗಳನ್ನು ಅದಲು ಬದಲು ಮಾಡಿ, ಗಾಳಿ ತೆಗೆದು, ಚಪ್ಪಲಿ ಕಳಚಿ ಪೆಡಲ್ ತುಳಿದರು. ಅದು ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಆದರೂ ತಂಗಿಗೆ ಕೀಲಿ ಕೊಡುವ ಮುನ್ನ ಅವರು ಇನ್ನೂ ಮೂರು ಸಲ ತುಳಿದು ನೋಡಿದ್ದನ್ನು ಕಂಡು ನನ್ನ ಸಿಟ್ಟು ಇಳಿಯಿತು.

ಮಧ್ಯಾಹ್ನದವರೆಗೆ ಅವರು ಯಾವ ಕೆಲಸವನ್ನೂ ಮುಟ್ಟಲಿಲ್ಲ. ಕೊನೆಗೆ ಗುಡ್ಡದ ಬುಡದಿಂದ ತಂಗಿಯ ಫೋನು ಬಂತು: "ಅಣ್ಣಾ, ತಿರುವಲ್ಲಿ ದನ ಅಡ್ಡ ಬಂತು. ಒಂದೇ ಸಲ ತುಳಿದೆ."

"ಸರಿ, ಊಟ ಮಾಡು" ಎಂದಷ್ಟೇ ಹೇಳಿ ಮೇಸ್ತ್ರಿ ಗೋಡೆಗೆ ಒರಗಿದರು.

ಗಾಯಕನಿಗೆ ಚಪ್ಪಾಳೆಯುಂಟು. ಇಂಥವರ ಕೆಲಸ ಸರಿಯಾದ ದಿನ ಜಗತ್ತಿನಲ್ಲಿ ಏನೂ ನಡೆಯುವುದಿಲ್ಲ. ಲಾರಿ ನಿಲ್ಲುತ್ತದೆ, ದನ ದಾಟುತ್ತದೆ, ತಂಗಿಯೊಬ್ಬಳು ಊಟಕ್ಕೆ ಕೂರುತ್ತಾಳೆ. ಅಂಥ ಏನೂ ಆಗದ ದಿನಗಳಿಗಾಗಿಯೇ ಕೆಲವರು ನೆಲದ ಮೇಲೆ ಅಂಗಾತ ಬಿದ್ದಿರುತ್ತಾರೆ. ನೆಟ್ಟಗೆ ನಡೆಯುವ ನಾವೆಲ್ಲ ಅವರ ಋಣದಲ್ಲಿದ್ದೇವೆ.