ಮೂರನೆಯ ರೆಕ್ಕೆ

ಬೀಪ್, ಬೀಪ್, ಬೀಪ್. ಉಸಿರೆಳೆದುಕೊಳ್ಳುವಷ್ಟು ಬಿಡುವು. ಮತ್ತೆ ಬೀಪ್, ಬೀಪ್. ಅಲ್ಲಿಗೆ ಸದ್ದು ನಿಂತಿತು.

ಡೊರೀನ್ ಕತ್ತಲಲ್ಲಿ ದಿಂಬಿನಿಂದ ತಲೆ ಎತ್ತಿ ಹಿಡಿದು ಕಿವಿಗೊಟ್ಟಳು. ಪಿಕಪ್ಪಿಗೆ ಕಟ್ಟಿ ತಂದಿದ್ದ ಕ್ಯಾಂಪರ್ ಮನೆಗಾಡಿಯ ತಗಡು ಗೋಡೆಗಳನ್ನು ಮಧ್ಯಾಹ್ನವಿಡೀ ಅಲುಗಿಸಿದ್ದ ಗಾಳಿ ಈಗ ಪೂರ್ತಿ ಬಿದ್ದುಹೋಗಿತ್ತು. ಬೇಲಿಯಾಚೆ ಎಲ್ಲೋ ಒಂದು ಹಸು ಕೆಮ್ಮಿತು. ಗಡಿಯಾರದಲ್ಲಿ ಒಂದೂ ಇಪ್ಪತ್ತು. ಪಕ್ಕದಲ್ಲಿ ಗಂಡ ಮರ್ಲ್ ಇರಲಿಲ್ಲ. ಅರವತ್ತೈದು ದಾಟಿದ ಮೇಲೆ ರಾತ್ರಿ ಎರಡು ಮೂರು ಸಲ ಎದ್ದು ಹೊರಗೆ ಹೋಗಿಬರುವುದು ಅವನಿಗೆ ರೂಢಿಯಾಗಿತ್ತು. ಸದ್ದು ಕನಸಿನಲ್ಲಿ ಕೇಳಿದ್ದಿರಬೇಕು ಅಂದುಕೊಂಡಳು. ಸಂಜೆಯಿಂದ ಕತ್ತಲಾಗುವವರೆಗೆ ಮೊಣಕಾಲುದ್ದದ ಹುಲ್ಲಿನಲ್ಲಿ ಅದೇ ಸದ್ದಿಗಾಗಿ ಕಾದು ಕಾದು ನಡೆದವಳಲ್ಲವೇ.

ಅವಳು ಹುಡುಕಿದ್ದು ತನ್ನ ರಾಕೆಟ್ಟನ್ನು. ಆರಡಿ ಉದ್ದದ, ನೀಲಿ ಬಣ್ಣದ ಕೊಳವೆ. ಬುಡದಲ್ಲಿ ಮೂರು ರೆಕ್ಕೆಗಳು. ರೆಕ್ಕೆಗಳಿಗೆ ಮಾತ್ರ ಬಣ್ಣ ಬಳಿದಿರಲಿಲ್ಲ, ಪ್ಲೈವುಡ್ಡಿನ ಗೆರೆಗಳು ಕಾಣಲಿ ಎಂದು ಬರಿಯ ವಾರ್ನಿಶ್ ಹಚ್ಚಿದ್ದಳು. ಶನಿವಾರ ಮಧ್ಯಾಹ್ನ ಮೂರೂವರೆಗೆ ಅದು ಉಡಾವಣೆಯ ಕಂಬಿಯಿಂದ ನೇರವಾಗಿ, ಒಂದಿಷ್ಟೂ ತೂಗಾಡದೆ ಎದ್ದು, ಚುಕ್ಕೆಯಾಗಿ, ಚುಕ್ಕೆಯೂ ಇಲ್ಲವಾಗಿ ಹೋಗಿತ್ತು. ಪ್ಯಾರಚೂಟ್ ಸ್ವಲ್ಪ ತಡವಾಗಿಯಾದರೂ ಬಿಚ್ಚಿಕೊಂಡಿತು. ಆಮೇಲೆ ಗಾಳಿ ಅದನ್ನು ದಕ್ಷಿಣಕ್ಕೆ, ಪಕ್ಕದ ಜಮೀನಿನ ಕೊಯೆನ್ ಅವರ ಹುಲ್ಲುಗಾವಲಿನ ದಿಬ್ಬದಾಚೆಗೆ ಒಯ್ಯಿತು. ಹಗ್ಗಕ್ಕೆ ಕಟ್ಟಿದ್ದ ಬೆಂಕಿಪೊಟ್ಟಣದಷ್ಟು ಬೀಪರ್ ಆ ಗಾಳಿಯಲ್ಲಿ ಹತ್ತು ಹೆಜ್ಜೆಯಾಚೆಗೂ ಕೇಳುವಂತಿರಲಿಲ್ಲ.

ಹವ್ಯಾಸಿ ರಾಕೆಟ್ ಕ್ಲಬ್ಬಿನ ಎರಡನೆಯ ದರ್ಜೆಯ ಸರ್ಟಿಫಿಕೇಟು ಸಿಗಬೇಕಾದರೆ ರಾಕೆಟ್ಟು ಹಾರಿದರೆ ಸಾಲದು. ಮತ್ತೆ ಹಾರಿಸಬಹುದಾದ ಸ್ಥಿತಿಯಲ್ಲಿ ಅದನ್ನು ತಂದು ಪರೀಕ್ಷಕ ಹಾಲಿಸ್‌ನ ಮೇಜಿನ ಮೇಲೆ ಇಡಬೇಕು. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮೈದಾನ ಮುಚ್ಚುತ್ತದೆ. ಅಷ್ಟರೊಳಗೆ ತರದಿದ್ದರೆ ಇಲ್ಲ ಎಂದೇ ಲೆಕ್ಕ. ಡೊರೀನ್‌ಗೆ ಇದು ಮೂರನೆಯ ಪ್ರಯತ್ನ. ಮೊದಲ ಸಲ ಪ್ಯಾರಚೂಟಿನ ಹಗ್ಗಗಳು ಸಿಕ್ಕುಬಿದ್ದಿದ್ದವು. ಎರಡನೆಯ ಸಲ ಪ್ಯಾರಚೂಟ್ ಹೊರಬರಲೇ ಇಲ್ಲ. ನೆಲದಲ್ಲಿ ಎರಡಡಿ ಹೂತುಹೋಗಿದ್ದ ಕೊಳವೆಯನ್ನು ಸನಿಕೆಯಿಂದ ಅಗೆದು ತೆಗೆದಿದ್ದಳು.

ಮರ್ಲ್ ಯಾವಾಗ ವಾಪಸು ಬಂದು ಮಲಗಿದನೋ ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ಹೊದಿಕೆಯೊಳಗೆ ಬಂದ ಅವನ ಕೈ ತಣ್ಣಗಿತ್ತು. ವಿನೆಗರ್ ವಾಸನೆ ಬರುತ್ತಿತ್ತು. ರಾತ್ರಿ ಊಟಕ್ಕೆ ಸೌತೆಕಾಯಿ ಹೆಚ್ಚಿ ವಿನೆಗರ್ ಹಾಕಿದ್ದು ಅವನೇ, ಕೈ ತೊಳೆದಿಲ್ಲ ಅಂದುಕೊಂಡು ಮಗ್ಗುಲು ಬದಲಿಸಿದಳು.

ಬೆಳಿಗ್ಗೆ ಆರೂವರೆಗೆ ಅವಳು ಕಾಫಿ ಇಳಿಸುತ್ತಿದ್ದಾಗ ಮರ್ಲ್ ಹೊರಗಿನಿಂದ ಬಾಗಿಲನ್ನು ಮೊಣಕೈಯಿಂದ ತಟ್ಟಿದ.

"ಬಾಗಿಲು ತೆಗಿಯೇ. ನೋಡು ಯಾರನ್ನ ಕರ್ಕೊಂಡ್ ಬಂದಿದೀನಿ."

ಎರಡೂ ತೋಳುಗಳ ಮೇಲೆ ಅಡ್ಡಲಾಗಿ ಆ ನೀಲಿ ಕೊಳವೆ. ಕಿತ್ತಳೆ ಬಣ್ಣದ ಪ್ಯಾರಚೂಟ್ ಅವನ ಹೆಗಲ ಮೇಲೆ ಒದ್ದೆ ಟವೆಲಿನ ಹಾಗೆ ಇಳಿಬಿದ್ದಿತ್ತು. ಡೊರೀನ್ ಕೂಗಿಕೊಂಡಳು. ಅಕ್ಕಪಕ್ಕದ ಕ್ಯಾಂಪರುಗಳಿಂದ ಎರಡು ತಲೆಗಳು ಹೊರಬಂದು, ವಿಷಯ ಗೊತ್ತಾಗಿ ಚಪ್ಪಾಳೆ ತಟ್ಟಿದವು.

"ಎಲ್ಲಿತ್ತು? ಎಲ್ಲಿತ್ತು ಇದು?"

"ಕೊಯೆನ್ ಅವರ ಕೆರೆ ಏರಿ ಪಕ್ಕದಲ್ಲಿ. ನಾವು ನಿನ್ನೆ ಅಲ್ಲೀವರೆಗೂ ಹೋಗ್ಲೇ ಇಲ್ಲ."

"ಏನೂ ಆಗಿಲ್ವಾ?"

"ನೀನೇ ನೋಡ್ಕೋ," ಅಂದ ಮರ್ಲ್. ರಾಕೆಟ್ಟನ್ನು ಮಡಚುವ ಮೇಜಿನ ಮೇಲಿಟ್ಟು ಬೆನ್ನು ತಿರುಗಿಸಿ ಕಾಫಿ ಬಗ್ಗಿಸಿಕೊಳ್ಳತೊಡಗಿದ. "ಹಾಲಿಸ್‌ಗೆ ಹೇಳ್ಬಂದಿದೀನಿ. ಒಂದು ಗೀರೂ ಇಲ್ಲ, ಪೆನ್ನು ತೆಗ್ದಿಟ್ಕೋ ಮುದುಕಾ ಅಂತ."

ಅವಳು ಮೊದಲು ರಾಕೆಟ್ಟಿನ ಮೂತಿ ನೋಡಿದಳು, ಆಮೇಲೆ ಹಗ್ಗ. ಬೀಪರ್ ಸುಮ್ಮನಿತ್ತು. "ಬ್ಯಾಟರಿ ಹೋಗಿರ್ಬೇಕು," ಎಂದ ಮರ್ಲ್ ಬೆನ್ನು ತಿರುಗಿಸಿಕೊಂಡೇ. ಅವಳು ಅದರ ಗುಂಡಿ ಒತ್ತಿದಳು. ಬೀಪ್, ಬೀಪ್, ಬೀಪ್ ಎಂದು ಗಟ್ಟಿಯಾಗಿ ಕೂಗಿತು. ಮತ್ತೆ ಒತ್ತಿ ನಿಲ್ಲಿಸಿದಳು. ಮರ್ಲ್ ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಲೇ ಇದ್ದ. ಅವನು ಕಾಫಿಗೆ ಸಕ್ಕರೆ ಹಾಕಿಕೊಳ್ಳುವವನಲ್ಲ.

ಡೊರೀನ್ ರೆಕ್ಕೆಗಳ ಬುಡಕ್ಕೆ ಬೆರಳಿಟ್ಟಳು. ರೆಕ್ಕೆ ಕೊಳವೆಗೆ ಸೇರುವ ಮೂಲೆಯಲ್ಲಿ ಎಪಾಕ್ಸಿ ಅಂಟು ಸುರಿದು, ಅದು ಗಟ್ಟಿಯಾಗುವ ಮೊದಲು ನಯವಾಗಿ ತೀಡಬೇಕು. ಈ ತೀಡುವಿಕೆ ಒಬ್ಬೊಬ್ಬರದು ಒಂದೊಂದು ಥರ, ಕೈಬರಹವಿದ್ದಂತೆ. ಕೆಲವರು ಐಸ್‌ಕ್ರೀಮ್ ಕಡ್ಡಿಯಲ್ಲಿ ತೀಡುತ್ತಾರೆ. ಮರ್ಲ್ ಚಮಚದ ಬೆನ್ನಿನಲ್ಲಿ. ಅವನ ಮೆತ್ತು ಅಗಲ, ದುಂಡಗೆ, ಎರಡು ಕೊನೆಗಳಲ್ಲೂ ಒಂದೇ ಅಳತೆ. ಡೊರೀನ್ ತನ್ನ ಉಂಗುರದ ಬೆರಳನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಎಳೆದುಬಿಡುತ್ತಾಳೆ. ಕೊನೆಯಲ್ಲಿ ಬೆರಳು ಎತ್ತುವಾಗ ಅಂಟು ಚೂರು ಬಾಲದಂತೆ ಏಳುತ್ತದೆ. ಅದನ್ನು ಉಜ್ಜಿ ತೆಗೆಯಲು ಅವಳಿಗೆ ಎಂದೂ ಮನಸ್ಸು ಬಂದಿರಲಿಲ್ಲ.

ಮೊದಲ ರೆಕ್ಕೆಯ ಎರಡು ಬದಿಯಲ್ಲೂ ಆ ಬಾಲವಿತ್ತು. ಎರಡನೆಯದರಲ್ಲೂ ಇತ್ತು. ಮೂರನೆಯ ರೆಕ್ಕೆಯಲ್ಲಿ ಅವಳ ಬೆರಳು ಕೊನೆಯವರೆಗೂ ಸಲೀಸಾಗಿ ಜಾರಿ ಗಾಳಿಗೆ ಬಂತು.

ಅವಳು ಮತ್ತೊಮ್ಮೆ ಎಳೆದು ನೋಡಿದಳು. ನಯವಾಗಿತ್ತು, ಅಗಲವಾಗಿತ್ತು, ದುಂಡಗಿತ್ತು. ಮೇಲೆ ಮರಳುಕಾಗದದ ಪುಡಿ ಸವರಿ ಹೊಳಪು ಮುಚ್ಚಲಾಗಿತ್ತು. ಕೈಗೆ ಹತ್ತಿದ ಹಸಿ ಎಪಾಕ್ಸಿಯನ್ನು ಬಿಡಿಸಲು ಮರ್ಲ್ ಬಳಸುವುದು ವಿನೆಗರ್ ಎಂಬುದು ಅವಳಿಗೆ ಆಗ ನೆನಪಾಯಿತು.

"ಹ್ಯಾಗಿದೆ?" ಕೇಳಿದ ಮರ್ಲ್.

"ಚೆನ್ನಾಗಿದೆ," ಅಂದಳು.

ಮೂರು ವರ್ಷದ ಹಿಂದೆ ಇದೇ ಮೈದಾನದಲ್ಲಿ ಅವಳಿಗೆ ಮೊದಲ ದರ್ಜೆ ಸಿಕ್ಕಿತ್ತು. ಹಾಲಿಸ್ ಸಹಿ ಹಾಕಿದ ಕೂಡಲೇ ಸುತ್ತ ನಿಂತವರೆಲ್ಲ ಮರ್ಲ್‌ನ ಕೈ ಕುಲುಕಿದ್ದರು. "ಏನಪ್ಪಾ, ಹೆಂಡ್ತಿ ಕೈಯಲ್ಲಿ ಚೆನ್ನಾಗಿ ಹಾರಿಸ್ದೆ" ಎಂದು ಯಾರೋ ಅಂದಿದ್ದರು. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಇಪ್ಪತ್ತಾರು ವರ್ಷ ಅವನ ರಾಕೆಟ್ಟುಗಳ ಪ್ಯಾರಚೂಟ್ ಹೊಲಿದುಕೊಟ್ಟು, ದುರ್ಬೀನು ಹಿಡಿದು ನಿಂತು, ಇಡೀ ಕ್ಲಬ್ಬಿಗೆ ಎಲೆಕೋಸು, ಮಾಂಸ ತುಂಬಿದ ಬಿಯರಾಕ್ ಬನ್ನುಗಳನ್ನು ಬೇಯಿಸಿ ತಂದವಳು ಅವಳು. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಹಾಕಿ ಬಂದು, ಬಟ್ಟೆ ಒಗೆಯುವ ಕೋಣೆಯ ಬಾಗಿಲು ಹಾಕಿಕೊಂಡು ಈ ನೀಲಿ ರಾಕೆಟ್ಟನ್ನು ಕಟ್ಟಿದಳು. ಮರ್ಲ್ ಬಾಗಿಲಾಚೆ ನಿಂತು, "ಲೇ, ನನ್ನ ಕಾಲುಚೀಲ ಆದ್ರೂ ಒಳಗಿಂದ ಎಸಿಯೇ" ಎಂದು ಗೋಗರೆಯುತ್ತಿದ್ದ. ಅವಳು ಕಾಲುಚೀಲಗಳನ್ನು ಬಾಗಿಲ ಕೆಳಗಿನ ಸಂದಿಯಿಂದ ಒಂದೊಂದಾಗಿ ತೂರಿಸುತ್ತಿದ್ದಳು. ಏಳು ತಿಂಗಳು ಅವನು ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ.

ನಿನ್ನೆ ರಾತ್ರಿ ಅದನ್ನು ದಾಟಿದ್ದ.

ಅವನು ಹೇಗೆ ಮಾಡಿರಬಹುದು ಎಂದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಗಾಳಿ ನಿಂತದ್ದನ್ನು ಕಂಡು ಎದ್ದಿದ್ದಾನೆ. ಟಾರ್ಚು ಹಿಡಿದು, ನೋಯುವ ಮಂಡಿಯಲ್ಲಿ ಎರಡು ಮೈಲಿ ಸದ್ದಿನ ಜಾಡು ಹಿಡಿದು ಹೋಗಿದ್ದಾನೆ. ರೆಕ್ಕೆ ಕಿತ್ತುಬಂದದ್ದನ್ನು ನೋಡಿದ್ದಾನೆ. ತಂದು, ಪಿಕಪ್ಪಿನ ಹೀಟರು ಹಾಕಿ, ಒಳಗೆ ಕೂತು ಅಂಟಿಸಿದ್ದಾನೆ. ಅವಳು ಅಳಬಾರದು ಎಂಬುದಷ್ಟೇ ಅವನ ತಲೆಯಲ್ಲಿ ಇದ್ದದ್ದು. ಈ ಒಂದನ್ನು ಬಿಟ್ಟು ಬೇರೆ ಏನು ಮಾಡಿದ್ದರೂ ಅವಳು ಅವನನ್ನು ತಬ್ಬಿಕೊಳ್ಳುತ್ತಿದ್ದಳು.

ಮೇಜಿನ ಬಳಿಗೆ ಹೋದರೆ ಹಾಲಿಸ್ ಒಂದು ಕಾಗದ ಮುಂದಿಡುತ್ತಾನೆ. 'ಈ ರಾಕೆಟ್ಟನ್ನು ನಾನೇ ಕಟ್ಟಿದ್ದೇನೆ' ಎಂಬ ಸಾಲಿನ ಕೆಳಗೆ ಅವಳ ಸಹಿ ಬೇಕು. ಆರು ಮೆತ್ತುಗಳಲ್ಲಿ ನಾಲ್ಕು ಅವಳವು. ಹಾಲಿಸ್‌ನ ಕಣ್ಣಿಗೆ ಅದು ಬೀಳಲಾರದು. ಬಿದ್ದರೂ ಅವನು ಸುಮ್ಮನಿರಬಹುದು. ಅದು ಇನ್ನೂ ಕೆಟ್ಟದ್ದು. ನಿಜ ಹೇಳಿಬಿಟ್ಟರೆ? ಮರ್ಲ್ ಕೂಡ ಕ್ಲಬ್ಬಿನ ಪರೀಕ್ಷಕ, ಹದಿನೆಂಟು ವರ್ಷಗಳಿಂದ. ಬೇರೆಯವರ ಅರ್ಹತೆಗೆ ಸಹಿ ಹಾಕುವ ಕೈ ಇಂಥ ಕೆಲಸ ಮಾಡಿತು ಎಂದು ಗೊತ್ತಾದರೆ ಆ ಕೈಗೆ ಮತ್ತೆ ಯಾರೂ ಪೆನ್ನು ಕೊಡುವುದಿಲ್ಲ.

ಹತ್ತು ಗಂಟೆಯವರೆಗೆ ಅವಳು ಕ್ಯಾಂಪರಿನೊಳಗೆ ತಟ್ಟೆ ತೊಳೆದಳು, ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದಳು. ಹೊರಗೆ ಉಡಾವಣೆಗಳು ಶುರುವಾಗಿದ್ದವು. ಐದರಿಂದ ಒಂದರವರೆಗೆ ಎಣಿಸುವ ಧ್ವನಿ, ಬಟ್ಟೆ ಹರಿದಂಥ ಸದ್ದು, ಆಮೇಲೆ ಜನರ ಹೋ ಎಂಬ ಕೂಗು. ಮರ್ಲ್ ಕಂಬಿಗಳ ಬಳಿ ಯಾರಿಗೋ ತಂತಿ ಜೋಡಿಸಿಕೊಡುತ್ತಿದ್ದ.

ಡೊರೀನ್ ರಾಕೆಟ್ಟನ್ನು ಎತ್ತಿಕೊಂಡು ಕ್ಯಾಂಪರಿನ ಹಿಂಬದಿಗೆ ಹೋದಳು. ಅಲ್ಲಿ ಬೇಲಿ, ಅದರಾಚೆ ಖಾಲಿ ಹುಲ್ಲು, ಯಾರೂ ಇರಲಿಲ್ಲ. ಕೊಳವೆಯನ್ನು ಎಡ ಕಂಕುಳಲ್ಲಿ ಇರುಕಿಕೊಂಡು ಮೂರನೆಯ ರೆಕ್ಕೆಯನ್ನು ಬಲಗೈಯಲ್ಲಿ ಹಿಡಿದು ಬಗ್ಗಿಸಿದಳು. ಅದು ಜಗ್ಗಲಿಲ್ಲ. ಮರ್ಲ್ ಅಂಟಿಸಿದ್ದು ಸುಲಭಕ್ಕೆ ಬಿಡುವಂಥದ್ದಲ್ಲ. ಅವಳ ಗಂಟಲಿನಿಂದ ನಗುವಿನಂಥದೇನೋ ಹೊರಟಿತು. ರೆಕ್ಕೆಯನ್ನು ಕ್ಯಾಂಪರಿನ ಬಂಪರಿಗೆ ಆನಿಸಿ, ಕೊಳವೆಯ ಮೇಲೆ ಎರಡೂ ಕೈಯಿಟ್ಟು ಮೈಭಾರವೆಲ್ಲ ಹಾಕಿದಳು. ರೆಕ್ಕೆ ಸೋಲಲಿಲ್ಲ. ಭುಜ ನೋಯಿತು. ಮತ್ತೆ ಹಾಕಿದಳು, ಈ ಸಲ ಮಂಡಿಯಿಂದಲೂ ಒತ್ತಿದಳು. ಅಲ್ಲಿ ಉಡಾವಣೆಯ ಎಣಿಕೆ ನಡೆದಿತ್ತು: ಮೂರು, ಎರಡು, ಒಂದು. ಆ ಗದ್ದಲದಲ್ಲಿ ರೆಕ್ಕೆ ಕಿತ್ತುಬಂದ ಸದ್ದು ಅವಳಿಗೂ ಕೇಳಲಿಲ್ಲ. ಮೊದಲು ಮುರಿದಿದ್ದ ಗೆರೆಯ ಮೇಲೆಯೇ ಅದು ಬಿಟ್ಟುಕೊಂಡಿತ್ತು.

ಹಾಲಿಸ್ ಪ್ರೂಯಿಟ್ ನೆರಳುಬಟ್ಟೆಯ ಕೆಳಗೆ, ಹೊಟ್ಟೆಯ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ. ಧಾನ್ಯದ ಗೋದಾಮಿನಲ್ಲಿ ನಲವತ್ತು ವರ್ಷ ತೂಕ ಹಾಕಿದ ಮನುಷ್ಯ. ಅವಳನ್ನು ಕಂಡು ಎದ್ದು ನಿಂತ.

"ಬಾರಮ್ಮಾ ಬಾ. ಬೆಳಿಗ್ಗೆಯಿಂದ ಕಾಯ್ತಾ ಇದೀನಿ. ರಾಕೆಟ್ಟೊಂದೇ ತಂದಿದೀಯಲ್ಲ, ನನ್ನ ಬನ್ ಎಲ್ಲಿ?"

"ಬನ್ ಆಮೇಲೆ ತಿನ್ನೋರಂತೆ. ಮೊದ್ಲು ಇದನ್ನ ನೋಡಿ."

ಅವಳು ರಾಕೆಟ್ಟನ್ನು ಮೇಜಿನ ಮೇಲಿಟ್ಟಳು. ರೆಕ್ಕೆಯನ್ನು ಮೇಜಿಗೆ ಇಡದೆ, ಹೊಸ ಅಂಟಿದ್ದ ಮುರಿದ ಅಂಚು ಅಂಗೈಯೊಳಗೆ ಬರುವಂತೆ ಹಿಡಿದುಕೊಂಡೇ ನಿಂತಳು. ಹಾಲಿಸ್‌ನ ಮುಖ ಇಳಿಯಿತು.

"ಅಯ್ಯೋ ದೇವ್ರೇ. ಒಂದು ಗೀರೂ ಇಲ್ಲ ಅಂತ ಮರ್ಲ್ ಊರೆಲ್ಲ ಸಾರ್ಕೊಂಡು ಬಂದ್ನಲ್ಲಾ!"

"ಅವನಿಗೆ ಕನ್ನಡಕ ಬದ್ಲಾಯಿಸ್ಬೇಕು. ಹೇಳಿದ್ರೆ ಕೇಳಲ್ಲ."

"ಬಿದ್ದಾಗ ಮುರೀತಾ?"

"ಬಿದ್ದಾಗ ಮುರೀತು," ಅಂದಳು ಡೊರೀನ್. ಅವಳ ಧ್ವನಿ ಸ್ಥಿರವಾಗಿತ್ತು.

ಹಾಲಿಸ್ ಅವಳ ಮುಷ್ಟಿಯನ್ನು ಒಮ್ಮೆ, ಅವಳ ಮುಖವನ್ನು ಒಮ್ಮೆ ನೋಡಿದ. ರೆಕ್ಕೆ ಕೊಡು ಎನ್ನಲಿಲ್ಲ. ಕೂತು, ಕಾಗದ ಎಳೆದುಕೊಂಡು, ಮೇಲೆ ಅಡ್ಡಗೆರೆ ಹಾಕಿದ. "ಹಾರಿದ್ದು ಮಾತ್ರ ಹಾರಿದ್ದೇ ಕಣಮ್ಮ. ಅಷ್ಟು ನೆಟ್ಟಗೆ ಹೋಗಿದ್ದನ್ನ ನಾನು ಈ ವರ್ಷ ನೋಡಿಲ್ಲ. ಅದು ಯಾರು ಕಟ್ಟಿದ್ದು ಅಂತ ನಿನ್ನೇನೇ ಇಬ್ರು ಕೇಳಿದ್ರು."

"ಏನ್ ಹೇಳಿದ್ರಿ?"

"ಮರ್ಲ್ ಹೆಂಡ್ತಿ ಅಂದೆ." ಅವಳ ಕಣ್ಣು ನೋಡಿ ಹಾಲಿಸ್ ತಡವರಿಸಿದ. "ಡೊರೀನ್ ಅಂತಾನೂ ಅಂದೆ."

"ಮುಂದಿನದಕ್ಕೆ ನನ್ನ ಹೆಸ್ರು ಬರ್ಕೊಳ್ಳಿ. ಸೆಪ್ಟೆಂಬರ್‌ಗೆ."

"ಅದು ಇನ್ನೂ ನಾಲ್ಕು ತಿಂಗಳಿದೆ."

"ಈಗ್ಲೇ ಬರ್ಕೊಳ್ಳಿ. ಮೊದಲನೇ ಸಾಲಲ್ಲಿ."

ಮನೆಗೆ ಹಿಂತಿರುಗುವಾಗ ಪಿಕಪ್ ಓಡಿಸುತ್ತಿದ್ದದ್ದು ಮರ್ಲ್. ಸುದ್ದಿ ಅವನಿಗೆ ಕಂಬಿಗಳ ಬಳಿಯೇ ಮುಟ್ಟಿತ್ತು. ಓಡಿಬಂದು, ರೆಕ್ಕೆಯಿಲ್ಲದ ಬುಡವನ್ನು ಬಗ್ಗಿ ನೋಡಿದ್ದ. ಈಗ ಪಿಕಪ್ಪಿನ ಸ್ಟಿಯರಿಂಗಿನ ಮೇಲೆ ಅವನ ಕೈಗಳು ಆಗಾಗ ತೆರೆದು ಮುಚ್ಚುತ್ತಿದ್ದವು. ತಾನು ಅಂಟಿಸಿದ್ದು ಯಾವತ್ತೂ ಬಿಟ್ಟುಕೊಂಡಿಲ್ಲ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದವನು. ಆ ಕೈಗಳನ್ನೇ ಅವನು ನೋಡುತ್ತಿದ್ದ.

"ಆ ಅಂಟು…" ಎಂದ.

"ಯಾವ ಅಂಟು?"

"ಏನಿಲ್ಲ." ಸ್ವಲ್ಪ ದೂರ ಹೋದ ಮೇಲೆ, "ಇನ್ನೊಂದು ಬಾಟ್ಲಿ ತರೋಣ್ವಾ? ಹೊಸಾದು? ನೀನೇ ಹಚ್ಕೊಳ್ಳೋಕೆ ಅಂದೆ."

"ತರೋಣ," ಅಂದಳು.

ಊರ ಹೊರಗಿನ ರೈಲುಗೇಟು ಹಾಕಿತ್ತು. ಗೋಧಿ ತುಂಬಿದ ಗೂಡ್ಸು ರೈಲು, ನೂರಕ್ಕೂ ಮೇಲೆ ಡಬ್ಬಿಗಳು, ಎದುರಿಗೆ ನಿಧಾನವಾಗಿ ಹಾಯುತ್ತಿತ್ತು. ಮರ್ಲ್ ಇಂಜಿನು ಆರಿಸಿದ. ಡಬ್ಬಿಗಳ ನಡುವಿನ ಸಂದಿಯಿಂದ ಬಿಸಿಲು ಅವನ ಮುಖದ ಮೇಲೆ ಬಿದ್ದು ಬಿದ್ದು ಹೋಗುತ್ತಿತ್ತು. ಅವನು ಅವಳ ಕಡೆ ತಿರುಗಿ ಏನೋ ಅಂದ. ಚಕ್ರಗಳ ಸದ್ದಿನಲ್ಲಿ ಅದು ಕೇಳಲಿಲ್ಲ. ಮತ್ತೊಮ್ಮೆ ಹೇಳು ಎಂದು ಅವಳು ಕೇಳಲೂ ಇಲ್ಲ. ಮಗಳು ರಾತ್ರಿ ಫೋನು ಮಾಡುತ್ತಾಳೆ, ನಾಳೆ ಶಾಲೆಯ ಅಡುಗೆಮನೆಯವರು ಕೇಳುತ್ತಾರೆ. ಬಿದ್ದಾಗ ಮುರೀತು, ಅಷ್ಟೇ. ಬಂಪರಿನ ಹತ್ತಿರ ಆದದ್ದು ಯಾರಿಗೂ ಬೇಡ. ಎಲ್ಲರಿಗಿಂತ ಮೊದಲು ಈ ಮನುಷ್ಯನಿಗೆ ಬೇಡ.

ಕೊನೆಯ ಡಬ್ಬಿ ಹೋಯಿತು. ಗೇಟು ನಡುಗುತ್ತ ಮೇಲೆದ್ದಿತು. ಮರ್ಲ್ ಇನ್ನೂ ಅವಳ ಮುಖವನ್ನೇ ನೋಡುತ್ತಿದ್ದ. ಹಿಂದಿನ ಕಾರಿನವನು ಹಾರ್ನು ಬಾರಿಸಿದ.

"ಹೊರಡು," ಎಂದಳು ಡೊರೀನ್, ಎದುರಿನ ಖಾಲಿ ರಸ್ತೆಯ ಕಡೆ ನೋಡುತ್ತ.